ಫೈಬರ್ ಅಂದ್ರೆ ಡೂಪ್ಲಿಕೇಟ್ ಅಲ್ರೀ!

ಹೋದ ನವೆಂಬರಿನಲ್ಲಿ ಇಲ್ಲಿ ಅಹಮದಾಬಾದಿನಲ್ಲಿ ನಮ್ಮವರ ರಾಜ್ಯೋತ್ಸವ. ಭಾಷಣ ಮುಗಿದು ಬಿಸಿಬೇಳೆಬಾತಿಗೆ ಕೂತಿದ್ದೆವು. ಪಕ್ಕದಲ್ಲಿ ಕೂತ ಹುಡುಗ (ಹುಡುಗ ಅಂದರೆ ಮೂವತ್ತೈದು ದಾಟಿರಬಹುದು, ನನ್ನ ವಯಸ್ಸಿಗೆ ಎಲ್ಲರೂ ಹುಡುಗರೇ) ಮೊಬೈಲು ತೆಗೆದು ಒಂದು ಫೋಟೋ ತೋರಿಸಿದ. ಕೆಂಪು ಬಣ್ಣದ, ಎರಡೇ ಸೀಟಿನ, ಬಟ್ಟೆಯ ಮಾಡಿನ ಪುಟ್ಟ ಕಾರು. ಸ್ಯಾನ್ ಸ್ಟಾರ್ಮ್! ಎಷ್ಟು ವರ್ಷವಾಗಿತ್ತು ನೋಡಿ.

"ಸೆಕೆಂಡ್ ಹ್ಯಾಂಡ್ ತಗೊಂಡೀನ್ರಿ ಅಂಕಲ್. ಹಿಂದ ಒಂದು ರೆಕ್ಕಿ, ಮುಂದ ಒಂದು ಸ್ಪಾಯ್ಲರ್, ಬಾಜೂಕ ಸ್ಕರ್ಟ್ ಹಾಕ್ಸಬೇಕು ಅಂತದ. ನೀವು ಫೈಬರ್ ಲೈನಿನೊಳಗ ಇದ್ದವರಂತಲ್ಲ, ಯಾರರ ಸಸ್ತಾದಾಗ ಮಾಡೋರಿದ್ರ ಹೇಳ್ರಿ."

"ಯಾಕಪ್ಪಾ, ಕಾರು ಚೆನ್ನಾಗೇ ಇದೆಯಲ್ಲ?" ಅಂದೆ.

"ಅಯ್ಯ, ಅದರ ಬಾಡಿನ ಫೈಬರ್ ಅಲ್ರೀ. ಡೂಪ್ಲಿಕೇಟ್ ಇದ್ದಂಗ. ಅದಕ್ಕ ಏನ್ ಅಂಟಿಸಿದ್ರೂ ನಡೀತದ."

ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಊಟದ ಪಂಕ್ತಿಯಲ್ಲಿ ಜಗಳ ಬೇಡ ಅಂತ ಸುಮ್ಮನಿದ್ದೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಖಾರ ಆದರೆ ಮಜ್ಜಿಗೆ ಕುಡಿಯಿರಿ.

ಮೊದಲು ನನ್ನ ಅಧಿಕಾರ ಏನು ಅಂತ ಹೇಳಿಬಿಡುತ್ತೇನೆ. 1987ರಲ್ಲಿ ಗದಗಿನಿಂದ ವಡೋದರಾಕ್ಕೆ ಬಂದವನು ನಾನು. ಮಕರಪುರಾ ಜಿಐಡಿಸಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ಫೈಬರ್‌ಗ್ಲಾಸ್ ಟ್ಯಾಂಕು ಮಾಡಿಸಿದೆ. ನಂದೇಸರಿ, ಅಂಕಲೇಶ್ವರ, ವಾಪಿ ಕಡೆಯ ಕೆಮಿಕಲ್ ಕಾರ್ಖಾನೆಗಳಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ತುಂಬಿಡುತ್ತಾರಲ್ಲ, ಅಂಥ ಟ್ಯಾಂಕು. ಸಾದಾ ಉಕ್ಕಿನ ಟ್ಯಾಂಕಿಗೆ ಆ ಆಸಿಡ್ ಸುರಿದರೆ ಉಕ್ಕನ್ನೇ ತಿಂದು ಹಾಕುತ್ತದೆ. ಅಲ್ಲಿ ನಿಲ್ಲುವುದು ರಬ್ಬರ್ ಒಳಪದರ ಇದ್ದ ಟ್ಯಾಂಕು, ಇಲ್ಲವೇ ನೀವು ಡೂಪ್ಲಿಕೇಟ್ ಅನ್ನುವ ಈ ಫೈಬರ್. ಆಮೇಲೆ ಮಗನ ಜೊತೆ ಅಹಮದಾಬಾದಿನ ಮಣಿನಗರಕ್ಕೆ ಬಂದು, ಕಾರಿನ ಬಾಡಿ ಕೆಲಸದವರಿಗೆ ಅಷ್ಟಿಷ್ಟು ಸಲಹೆ ಕೊಡುತ್ತಾ ಕಾಲ ಕಳೆದೆ. ಗಾಜಿನ ನೂಲು ಚರ್ಮಕ್ಕೆ ಹೊಕ್ಕು ರಾತ್ರಿಯಿಡೀ ತುರಿಸಿಕೊಂಡವನು ನಾನು. ಅಷ್ಟು ಸಾಕಲ್ಲ?

ಈಗ ಡೂಪ್ಲಿಕೇಟ್ ಮಾತಿಗೆ ಬರೋಣ.

ಅಮೆರಿಕದ ಷೆವ್ರೊಲೆ ಕಂಪನಿ 1953ರಲ್ಲಿ ಕಾರ್ವೆಟ್ ಅನ್ನುವ ಸ್ಪೋರ್ಟ್ಸ್ ಕಾರು ತಂದಿತು. ಬಾಡಿ ಪೂರ್ತಿ ಫೈಬರ್‌ಗ್ಲಾಸ್. ಇಂಗ್ಲೆಂಡಿನ ಲೋಟಸ್ ಕಂಪನಿ 1957ರಲ್ಲಿ ತೋರಿಸಿದ ಎಲೀಟ್ ಕಾರಿಗಂತೂ ಕೆಳಗೆ ಬೇರೆ ಚಾಸಿಯೇ ಇರಲಿಲ್ಲ, ಫೈಬರಿನ ಚಿಪ್ಪೇ ಭಾರ ಹೊತ್ತಿತು. ಪೋರ್ಷ 1972ರಲ್ಲಿ ತಂದ 911 ಕರೇರಾ ಆರ್‌ಎಸ್ ಕಾರಿನ ಹಿಂದೆ ಬಾತುಕೋಳಿಯ ಬಾಲದಂಥ ಒಂದು ಏರು ಇದೆಯಲ್ಲ, ಇವತ್ತು ಕೋಟಿಗಟ್ಟಲೆ ಸುರಿದು ಕೊಳ್ಳುತ್ತಾರಲ್ಲ, ಆ ಬಾಲವೂ ಫೈಬರ್‌ಗ್ಲಾಸಿನದ್ದೇ. ಅದನ್ನು ಯಾರೂ ಡೂಪ್ಲಿಕೇಟ್ ಅನ್ನುವುದಿಲ್ಲ. ಯಾಕೆ? ವಿದೇಶದ್ದು!

ದೂರ ಯಾಕೆ ಹೋಗಬೇಕು, ನಮ್ಮ ಬೆಂಗಳೂರಿಗೇ ಬನ್ನಿ. 1982ರಲ್ಲಿ ಸಿಪಾನಿಯವರ ಡಾಲ್ಫಿನ್ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಅಚ್ಚು, 848 ಸಿಸಿ ಎಂಜಿನ್, ಎರಡು ಬಾಗಿಲು, ಫೈಬರ್‌ಗ್ಲಾಸ್ ಬಾಡಿ. ಮರುವರ್ಷ ಡಿಸೆಂಬರಿನಲ್ಲಿ ಮಾರುತಿ 800 ಬಂದು ಎಲ್ಲರನ್ನೂ ಗುಡಿಸಿಹಾಕಿತು ಅನ್ನುವುದು ಬೇರೆ ಮಾತು. ಆದರೆ ಆ ಡಾಲ್ಫಿನ್ ಹಗುರವಾಗಿತ್ತು ಅಂತಲೇ ಅದನ್ನು ರ್‍ಯಾಲಿಗಳಲ್ಲಿ, ಮದ್ರಾಸಿನ ಷೋಲಾವರಂ ರೇಸುಗಳಲ್ಲಿ ಹುಡುಗರು ಓಡಿಸಿದರು. ನಮ್ಮ ಹುಡುಗ ಕೊಂಡಿರುವ ಸ್ಟಾರ್ಮ್ ಕೂಡ ಬೆಂಗಳೂರಿನ ಸ್ಯಾನ್ ಸಮೂಹದ್ದೇ. 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ಕಟ್ಟಿದ್ದು, ರೆನೋ ಎಂಜಿನ್ನು. ಇನ್ನು ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯ 'ಹಂಸ' ತರಬೇತಿ ವಿಮಾನ 1993ರಲ್ಲಿ ಮೊದಲು ಹಾರಿತು. ಅದರ ಮೈಯೂ ಗಾಜಿನ ನೂಲು ಮತ್ತು ರೆಸಿನ್ನಿನದ್ದೇ. ಮನುಷ್ಯರನ್ನು ಕೂರಿಸಿಕೊಂಡು ಆಕಾಶಕ್ಕೆ ಹೋಗುವ ವಸ್ತು ಡೂಪ್ಲಿಕೇಟ್ ಹೇಗಾಗುತ್ತದೆ ಸ್ವಾಮಿ?

ಡೂಪ್ಲಿಕೇಟ್ ಆಗುವುದು ಕೆಲಸ. ವಸ್ತುವಲ್ಲ. ಈ ಲೇಖನದಲ್ಲಿ ನಾನು ಹೇಳಬೇಕಾದ್ದು ಇಷ್ಟೇ. ಉಳಿದದ್ದು ಇದರ ಸಾಕ್ಷಿ.

ಮೊದಲನೇ ಸಾಕ್ಷಿ, ಆ ರೆಕ್ಕೆ. ವಿಮಾನದ ರೆಕ್ಕೆ ಮೇಲಕ್ಕೆ ಎತ್ತುತ್ತದೆ, ಕಾರಿನ ರೆಕ್ಕೆ ಅದನ್ನೇ ತಿರುಗಿಸಿ ಇಟ್ಟದ್ದು, ಕೆಳಕ್ಕೆ ಒತ್ತುತ್ತದೆ. ಒತ್ತಿದರೆ ಟೈರು ರಸ್ತೆಗೆ ಕಚ್ಚುತ್ತದೆ. ಸರಿ. ಎಷ್ಟು ಒತ್ತುತ್ತದೆ? ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಉದ್ದ, ಹದಿನೈದು ಸೆಂಟಿಮೀಟರ್ ಅಗಲದ ಒಳ್ಳೆಯ ರೆಕ್ಕೆ ಅಂತಿಟ್ಟುಕೊಳ್ಳಿ. ಉದಾರವಾಗಿಯೇ ಲೆಕ್ಕ ಹಾಕಿದ್ದೇನೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಅದು ಒತ್ತುವುದು ಸುಮಾರು ಮೂರು ಕೆಜಿ. ನೂರರಲ್ಲಿ ಒಂಬತ್ತು ಕೆಜಿ. ಇನ್ನೂರರಲ್ಲಿ ಹೋದರೆ ಮೂವತ್ತೇಳು ಕೆಜಿ. ಇದೂ ಎದುರು ಗಾಳಿ ನೇರ ಬಂದು ತಾಗಿದರೆ ಮಾತ್ರ. ಕಾರಿನ ಮಾಡಿನ ಹಿಂದಿನ ಕಲಕಿದ ಗಾಳಿಯಲ್ಲಿ ಇನ್ನೂ ಕಡಿಮೆ.

ಎಸ್‌ಜಿ ಹೈವೇಯ ಟ್ರಾಫಿಕ್ಕಿನಲ್ಲಿ, ಸೂರತ್ತಿನ ರಿಂಗ್ ರೋಡಿನಲ್ಲಿ ನೀವು ಅರವತ್ತು ಮುಟ್ಟಿದರೆ ಅದೇ ದೊಡ್ಡದು. ಅಲ್ಲಿ ಮೂರು ಕೆಜಿ ಒತ್ತಡ ಬೇಕು ಅಂತಿದ್ದರೆ ಡಿಕ್ಕಿಯಲ್ಲಿ ಮೂರು ಕೆಜಿ ಜೋಳದ ಹಿಟ್ಟು ಇಟ್ಟುಕೊಳ್ಳಿ. ಅಗ್ಗ. ಬೇಕಾದಾಗ ರೊಟ್ಟಿಯನ್ನೂ ಬಡಿಯಬಹುದು!

ಹಾಗಾದರೆ ಪೋರ್ಷದವರು ಹುಚ್ಚರೇ? ಅಲ್ಲ. ಅವರ ಕಾರಿಗೆ ಎಂಜಿನ್ನು ಹಿಂದೆ, ಇನ್ನೂರು ದಾಟಿ ಓಡುವಾಗ ಹಿಂಭಾಗ ಮೇಲೇಳುತ್ತಿತ್ತು, ಆ ರೋಗಕ್ಕೆ ಅಳೆದು, ಪರೀಕ್ಷಿಸಿ ಬಾಲ ಕೊಟ್ಟರು. ಆ ಬಾಲ ಆ ಕಾರಿನದ್ದು. ಅದರ ಫೋಟೋ ನೋಡಿ ಇನ್ನೊಂದು ಕಾರಿಗೆ ಅಂಟಿಸುವುದು ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡ ಹಾಗೆ. ಹಿಂದೆ ಮಾತ್ರ ಒತ್ತಿ ಮುಂದೆ ಬಿಟ್ಟರೆ ಮೂತಿ ಹಗುರಾಗುತ್ತದೆ, ಸ್ಟಿಯರಿಂಗ್ ಸಡಿಲವಾಗುತ್ತದೆ. ಮುಂದಿನ ಗಾಳಿಯ ಬಾಯಿಗೆ ಅಡ್ಡ ಫೈಬರ್ ಕಟ್ಟಿದರೆ ಏಪ್ರಿಲ್ ಬರುವ ಮೊದಲೇ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತದೆ. ಇವೆಲ್ಲ ಗೊತ್ತಿದ್ದು ಮಾಡಿಸುವವರು ಎಷ್ಟು ಜನ?

ಎರಡನೇ ಸಾಕ್ಷಿ, ತಯಾರಿ. ಸರಿಯಾದ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ, ಬೇಜಾರಾದರೂ ಓದಿ.

ಮೊದಲು ಕಾರಿನ ಮೇಲೇ ಮಣ್ಣು, ಮರ, ಪುಟ್ಟಿಯಲ್ಲಿ ಮಾದರಿ ಮಾಡಬೇಕು. ಎಡ ಬಲ ಅಳತೆ ಹಿಡಿದು, ಉಜ್ಜಿ, ಕನ್ನಡಿ ಮಾಡಬೇಕು. ಅದರ ಮೇಲೆ ಮೇಣ ಹಚ್ಚಿ ಒರೆಸಿ, ಮತ್ತೆ ಹಚ್ಚಿ, ಹೀಗೆ ಏಳೆಂಟು ಸಲ. ಆಮೇಲೆ ಅದರಿಂದ ದಪ್ಪನೆಯ ಅಚ್ಚು ತೆಗೆಯಬೇಕು, ಅಚ್ಚು ಬಾಗದಂತೆ ಹಿಂದೆ ಪಟ್ಟಿ ಕಟ್ಟಬೇಕು. ಅಚ್ಚಿನೊಳಗೆ ಮತ್ತೆ ಮೇಣ, ಮೇಲೆ ಜೆಲ್‌ಕೋಟ್, ಅರ್ಧ ಮಿಲಿಮೀಟರಿಗಿಂತ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ ಅನ್ನುವಷ್ಟು. ಅದು ಬೆರಳಿಗೆ ಅಂಟಂಟು ಅನ್ನುವ ಹೊತ್ತಿಗೆ ಗಾಜಿನ ಮ್ಯಾಟು ಹಾಸಿ, ರೆಸಿನ್ ಕುಡಿಸಿ, ರೋಲರ್ ಹಿಡಿದು ಒಳಗಿನ ಗಾಳಿಯ ಗುಳ್ಳೆ ಒಂದೂ ಬಿಡದಂತೆ ಹೊರಗೆ ತಳ್ಳಬೇಕು. ಒಂದು ಪದರ, ಎರಡು ಪದರ. ಬೋಲ್ಟು ಬರುವ ಜಾಗದಲ್ಲಿ ನಡುವೆ ಕಬ್ಬಿಣದ ಪಟ್ಟಿ ಇಲ್ಲವೇ ಪ್ಲೈವುಡ್ ತುಂಡು ಹೂತಿಡಬೇಕು. ಆಮೇಲೆ ತಾಳ್ಮೆ. ಪೂರ್ತಿ ಗಟ್ಟಿಯಾಗುವ ಮೊದಲು ಅಚ್ಚಿನಿಂದ ಕಿತ್ತರೆ ಮನೆಗೆ ಹೋಗಿ ಸೊಟ್ಟಗಾಗುತ್ತದೆ.

ನಡೆಯುವುದೇನು? ಬೇರೆ ಕಾರಿನ ರೆಕ್ಕೆಗೆ ನೇರ ರೆಸಿನ್ ಹಚ್ಚಿ ಅಚ್ಚು ತೆಗೆದುಬಿಡುತ್ತಾರೆ. ಆ ಅಚ್ಚಿನಿಂದ ಬಂದದ್ದಕ್ಕೆ ಇನ್ನೊಬ್ಬ ಅಚ್ಚು ತೆಗೆಯುತ್ತಾನೆ. ರೆಸಿನ್ ಗಟ್ಟಿಯಾಗುವಾಗ ಪ್ರತಿ ಸಲ ಸ್ವಲ್ಪ ಕುಗ್ಗುತ್ತದೆ. ನಕಲಿನ ನಕಲು ಬರುವ ಹೊತ್ತಿಗೆ ಬಾನೆಟ್ಟಿಗೂ ಸ್ಪಾಯ್ಲರಿಗೂ ನಡುವೆ ಬೆರಳು ಹೋಗುವ ಸಂದು. ಆ ಸಂದಿಗೆ ಪುಟ್ಟಿ. ಪುಟ್ಟಿಯ ಮೇಲೆ ಬಣ್ಣ. ಗುಜರಾತಿಯಲ್ಲಿ ಕೇಳಿದರೆ "ಚಾಲ್ಸೇ", ನಮ್ಮ ಕಡೆಯವರನ್ನು ಕೇಳಿದರೆ "ನಡೀತದ ಬಿಡ್ರಿ". ನೋಡಿ, ಎರಡು ಭಾಷೆಯಲ್ಲೂ ಒಂದೇ ಮಾತು! ಮೂವತ್ತೆಂಟು ವರ್ಷದಲ್ಲಿ ಈ ಎರಡೂ ಊರಿನವರು ಪೂರ್ತಿ ಒಂದಾದದ್ದನ್ನು ನಾನು ಕಂಡದ್ದು ಈ ಒಂದು ಮಾತಿನಲ್ಲಿ.

ಇನ್ನು ಇಲ್ಲಿಯ ಬಿಸಿಲು. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ಇತ್ತು. ಆ ದಿನ ನಾನು ಮನೆಯಿಂದ ಹೊರಗೆ ಕಾಲಿಡಲಿಲ್ಲ, ಆದರೆ ಫೈಬರ್ ಶೆಡ್ಡುಗಳು ತೆರೆದೇ ಇದ್ದವು. ಸೆಕೆ ಏರಿದರೆ ರೆಸಿನ್ ಬಕೆಟ್ಟಿನಲ್ಲೇ ಬೇಗ ಗಟ್ಟಿಯಾಗಿಬಿಡುತ್ತದೆ. ಅದಕ್ಕೆ ಹುಡುಗರು ಏನು ಮಾಡುತ್ತಾರೆ, ಹಾರ್ಡನರ್ ಕಡಿಮೆ ಸುರಿಯುತ್ತಾರೆ. ತೀರಾ ಕಡಿಮೆಯಾದರೆ ಒಳಗೆ ಬೇಯದ ಇಡ್ಲಿ. ಹೊರಗೆ ಗಟ್ಟಿ, ಒಳಗೆ ಹಿಟ್ಟು. ಅದಕ್ಕೆ ಕಪ್ಪು ಬಣ್ಣ ಹೊಡೆದು ಮೇ ತಿಂಗಳ ಮಧ್ಯಾಹ್ನ ಹೊರಗೆ ನಿಲ್ಲಿಸಿ ನೋಡಿ. ಕಪ್ಪು ಬಾನೆಟ್ಟು ಎಪ್ಪತ್ತು ಡಿಗ್ರಿಯ ಹತ್ತಿರ ಕಾಯುತ್ತದೆ. ಸಾದಾ ಅಗ್ಗದ ರೆಸಿನ್ ಆ ಬಿಸಿಗೆ ಮೆತ್ತಗಾಗಿ ಅಲೆ ಅಲೆಯಾಗುತ್ತದೆ. ಬಣ್ಣದ ಕೆಳಗಿನಿಂದ ಮ್ಯಾಟಿನ ಎಳೆಗಳು ಚಾಪೆಯ ಗುರುತಿನ ಹಾಗೆ ಮೇಲೇಳುತ್ತವೆ. ಆಗ ಯಜಮಾನರು "ಫೈಬರ್ ಸರಿಯಿಲ್ಲ" ಅನ್ನುತ್ತಾರೆ.

ನನ್ನ ಹೊಟ್ಟೆ ಉರಿಯುವುದು ಇಲ್ಲಿ. ಬಿಸಿ ತಡೆಯುವ ಐಸೋಫ್ತಾಲಿಕ್ ರೆಸಿನ್, ಅದಕ್ಕಿಂತ ಗಟ್ಟಿಯಾದ ವಿನೈಲ್ ಎಸ್ಟರ್ ರೆಸಿನ್ ಇಲ್ಲಿ ಸಿಗುವುದಿಲ್ಲವೇ? ಮಕರಪುರಾದಲ್ಲಿ, ವಟವಾದಲ್ಲಿ, ಸೂರತ್ತಿನ ಸಚಿನ್ ಕಡೆ ಆಸಿಡ್ ಟ್ಯಾಂಕು ಮಾಡುವವರ ಹತ್ತಿರ ಡ್ರಮ್ಮುಗಟ್ಟಲೆ ಇದೆ. ಅದನ್ನು ಹೇಗೆ ಬೇಯಿಸಬೇಕು ಅಂತ ಗೊತ್ತಿರುವ ಮೇಸ್ತ್ರಿಗಳೂ ಇದ್ದಾರೆ. ಎರಡು ಬೀದಿ ದಾಟಿದರೆ ವಿದ್ಯೆ ಇದೆ. ಕೆಜಿಗೆ ನಾಲ್ಕು ಕಾಸು ಹೆಚ್ಚು ಅಂತ ಯಾರೂ ದಾಟುವುದಿಲ್ಲ.

ಮೂರನೇ ಸಾಕ್ಷಿ, ಕೂರಿಸುವುದು. ಸೂರತ್ತಿನಲ್ಲಿ ನನ್ನ ಹಳೇ ಗೆಳೆಯರೊಬ್ಬರ ಹತ್ತಿರ 1960ರ ದಶಕದ ಎಂಜಿ ಬಿ ಇದೆ. (ವಡೋದರಾದವರಿಗೆ ಎಂಜಿ ಅಂದರೆ ಈಗ ಹಾಲೋಲಿನ ಕಾರ್ಖಾನೆ. ಇದು ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ಕಟ್ಟಿದ ಹಳೆಯ ಎಂಜಿ.) 2023ರ ಜನವರಿಯಲ್ಲಿ ವಡೋದರಾದ ಲಕ್ಷ್ಮೀ ವಿಲಾಸ ಅರಮನೆಯಲ್ಲಿ '21 ಗನ್ ಸೆಲ್ಯೂಟ್' ಹಳೇ ಕಾರುಗಳ ದೊಡ್ಡ ಪ್ರದರ್ಶನ ನಡೆಯಿತಲ್ಲ, ಅದನ್ನು ನೋಡಲು ಅದೇ ಕಾರಿನಲ್ಲಿ ಹೊರಟೆವು. ಒಂದು ತಿಂಗಳ ಮುಂಚೆ ಅವರು ಮುಂದೆ ಫೈಬರ್ ಸ್ಪಾಯ್ಲರ್ ಹಾಕಿಸಿದ್ದರು, ನನಗೆ ಹೇಳಿರಲಿಲ್ಲ. ಹೇಳಿದ್ದರೆ ಬೈಯುತ್ತಿದ್ದೆ ಅಂತಲೇ ಹೇಳಿರಲಿಲ್ಲ.

ಭರೂಚ್ ದಾಟುವ ಮೊದಲೇ ಕೆಳಗಿನಿಂದ ಪಟಪಟ ಸದ್ದು. "ಏನೋ ಕಲ್ಲು" ಅಂದರು. ಕಲ್ಲಲ್ಲ. ಸ್ಪಾಯ್ಲರಿನ ಒಂದು ಮೂಲೆ ಬಿಟ್ಟುಕೊಂಡು ಗಾಳಿಗೆ ಬಡಿದುಕೊಳ್ಳುತ್ತಿತ್ತು. ನಿಲ್ಲಿಸುವಷ್ಟರಲ್ಲಿ ಇಡೀ ತುಂಡು ಕಿತ್ತು ಚಕ್ರದ ಕೆಳಗೆ ಹೋಗಿ, ಎರಡಾಗಿ, ಹಿಂದಕ್ಕೆ ಹಾರಿತು. ಹಿಂದೆ ಮೋಟಾರ್ ಸೈಕಲ್ಲಿನಲ್ಲಿ ಗಂಡ ಹೆಂಡತಿ, ನಡುವೆ ಒಂದು ಮಗು. ಆ ಮನುಷ್ಯ ಹೇಗೆ ಬಲಕ್ಕೆ ಎಳೆದನೋ, ಬೀಳದೆ ಉಳಿದನೋ ದೇವರಿಗೇ ಗೊತ್ತು. ನಿಂತು ನಮ್ಮನ್ನು ಒಂದು ಸಲ ನೋಡಿದ. ಬೈಯಲೂ ಇಲ್ಲ. ಹೊರಟುಹೋದ.

ಕೆಳಗೆ ಬಗ್ಗಿ ನೋಡಿದೆ. ಎರಡು ಮಿಲಿಮೀಟರ್ ಫೈಬರಿಗೆ ನೇರ ಒತ್ತಿದ ಆರು ಸೆಲ್ಫ್ ಸ್ಕ್ರೂ, ಒಂದಿಷ್ಟು ಡಬಲ್ ಟೇಪು. ವಾಷರ್ ಇಲ್ಲ, ಹಿಂದೆ ಪಟ್ಟಿ ಇಲ್ಲ. ಮುರಿದ ಅಂಚು ಮುಟ್ಟಿದೆ, ಬ್ಲೇಡಿನಂತಿತ್ತು, ಬೆರಳು ಕುಯ್ದಿತು. ಕಾರಿನ ಉಕ್ಕಿನ ಮೂತಿಗೆ ಕೊರೆದ ಆರು ತೂತು ಮಾತ್ರ ಉಳಿದವು. ಅರವತ್ತು ವರ್ಷ ತುಕ್ಕಿನಿಂದ ಕಾಪಾಡಿಕೊಂಡು ಬಂದ ಉಕ್ಕಿಗೆ ಆರು ಹೊಸ ಬಾಯಿ! ಅರಮನೆಯ ಹುಲ್ಲಿನ ಮೇಲೆ ಸಾಲಾಗಿ ನಿಂತ ಕಾರುಗಳ ಎದುರು ಗೆಳೆಯರು ಇಡೀ ದಿನ ಮಾತಾಡಲಿಲ್ಲ.

ನಾಲ್ಕನೇ ಸಾಕ್ಷಿ ಹೇಳಲು ನನಗೆ ಕಷ್ಟ. ಇದರಲ್ಲಿ ಅಪರಾಧಿ ನಾನೇ.

2009. ಅಹಮದಾಬಾದಿನ ಪೂರ್ವದ ಕಡೆ ಒಂದು ತಗಡಿನ ಶೆಡ್ಡು. ಪರಿಚಯದವರೊಬ್ಬರ ಹಳೇ ಎರಡು ಬಾಗಿಲಿನ ಕಾರಿಗೆ ಅಗಲವಾದ ಮಡ್‌ಗಾರ್ಡು, ಹಿಂದೊಂದು ರೆಕ್ಕೆ. ಯಜಮಾನ ಹದಿನೆಂಟು ಸಾವಿರ ಅಂದ. ನಾನು ಮಧ್ಯಸ್ಥಗಾರ. ಫೈಬರ್ ಲೆಕ್ಕ ನನಗೆ ಗೊತ್ತಲ್ಲ! ಮ್ಯಾಟು ಇಷ್ಟು, ರೆಸಿನ್ ಇಷ್ಟು ಅಂತ ಬೆರಳು ಮಡಚಿ ಹನ್ನೊಂದು ಸಾವಿರಕ್ಕೆ ಇಳಿಸಿದೆ. ಪರಿಚಯದವರು ಬೆನ್ನು ತಟ್ಟಿದರು, ನಾನೂ ಹಿಗ್ಗಿದೆ. ನನ್ನ ಲೆಕ್ಕದಲ್ಲಿ ಕನ್ನಡಕ ಇರಲಿಲ್ಲ. ಮಾಸ್ಕ್ ಇರಲಿಲ್ಲ. ಕೈಗವಸು ಇರಲಿಲ್ಲ. ತೊಟ್ಟಿಯಲ್ಲಿ ನೀರು ಇರಲಿಲ್ಲ.

ಕೆಲಸಕ್ಕಿದ್ದದ್ದು ಉತ್ತರಪ್ರದೇಶದ ಕಡೆಯ ಒಬ್ಬ ಹುಡುಗ, ಹತ್ತೊಂಬತ್ತು ಇಪ್ಪತ್ತು ವಯಸ್ಸು. ಹಾರ್ಡನರ್ ಅನ್ನುವುದು ನೋಡಲು ನೀರಿನಂತೆಯೇ ಇರುತ್ತದೆ. ಎಂಇಕೆಪಿ ಅದರ ಹೆಸರು. ನೂರು ಗ್ರಾಂ ರೆಸಿನ್ನಿಗೆ ಒಂದೆರಡು ಗ್ರಾಂ ಸಾಕು. ಕಣ್ಣಿಗೆ ಬಿದ್ದರೆ ಆ ಕ್ಷಣವೇ ನೀರು ಹಾಕಲು ಶುರು ಮಾಡಿ ಕಾಲು ಗಂಟೆ ನಿಲ್ಲಿಸದೆ ತೊಳೆಯಬೇಕು, ತಡ ಮಾಡಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆ ಸುಡುತ್ತಲೇ ಹೋಗುತ್ತದೆ. ಕೋಬಾಲ್ಟ್ ಜೊತೆ ಅದನ್ನು ನೇರವಾಗಿ ಬೆರೆಸಿದರಂತೂ ಬೆಂಕಿ, ಸ್ಫೋಟ. ಇದನ್ನೆಲ್ಲ ನಾನು ವಡೋದರಾದಲ್ಲಿ ನನ್ನ ಕೈಕೆಳಗಿನವರಿಗೆ ವರ್ಷಗಟ್ಟಲೆ ಹೇಳಿಕೊಟ್ಟವನು. ಅಲ್ಲಿ ಗೋಡೆಗೆ ಬೋರ್ಡು ಇತ್ತು. ಇಲ್ಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿ, ಹಿಸುಕಿ ಹಾಕುತ್ತಿದ್ದ. ಹಿಸುಕಿದಾಗ ಮುಚ್ಚಳ ಕಿತ್ತು ಬಂತು.

ತೊಟ್ಟಿ ಖಾಲಿ. ಪಕ್ಕದ ಚಹಾದ ಗಾಡಿಯಿಂದ ಕೊಡ ತರುವಷ್ಟರಲ್ಲಿ ಐದಾರು ನಿಮಿಷ. ಆಸ್ಪತ್ರೆ, ಮುಲಾಮು, ಪಟ್ಟಿ. ಎಡಗಣ್ಣಿಗೆ ಕೊನೆಗೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು. ಹನ್ನೊಂದು ಸಾವಿರದ ಕೆಲಸದಲ್ಲಿ ಯಜಮಾನ ಅವನಿಗೆ ಎಷ್ಟು ಕೊಟ್ಟ, ಪರಿಚಯದವರು ಎಷ್ಟು ಕೊಟ್ಟರು ಅಂತ ಬರೆಯಲು ನಾಚಿಕೆ. ನಾನು ಕೊಟ್ಟದ್ದೂ ದೊಡ್ಡದೇನಲ್ಲ. ಅವನು ಊರಿಗೆ ಹೋದ. ರೆಕ್ಕೆ ಮಾತ್ರ ಸರಿಯಾದ ದಿನಕ್ಕೆ ಇನ್ನೊಬ್ಬ ಹುಡುಗನ ಕೈಯಿಂದ ಮುಗಿದು ಬಂತು. ಅರವತ್ತರ ವೇಗದಲ್ಲಿ ಮೂರು ಕೆಜಿ ಒತ್ತುವ ರೆಕ್ಕೆ.

ಈ ರಾಜ್ಯಕ್ಕೆ ಧೂಳು ಏನು ಮಾಡುತ್ತದೆ ಅಂತ ಗೊತ್ತಿಲ್ಲದ್ದಲ್ಲ. ವಡೋದರಾದ ಪಕ್ಕದ ಗೋಧ್ರಾ ಕಡೆ ಕ್ವಾರ್ಟ್ಜ್ ಕಲ್ಲು ಪುಡಿ ಮಾಡುವ ಘಟಕಗಳಿಗೆ ಮಧ್ಯಪ್ರದೇಶದ ಅಲಿರಾಜಪುರ, ಝಾಬುವಾ ಕಡೆಯ ಆದಿವಾಸಿಗಳು ಕೂಲಿಗೆ ಬಂದು, ಸಿಲಿಕೋಸಿಸ್ ಹತ್ತಿಸಿಕೊಂಡು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟು 238 ಮಂದಿಯ ಕುಟುಂಬಗಳಿಗೆ ತಲಾ ಮೂರು ಲಕ್ಷ ಪರಿಹಾರ ಕೊಡಲು ಗುಜರಾತ್ ಸರ್ಕಾರಕ್ಕೆ ಹೇಳಬೇಕಾಯಿತು. ಫೈಬರ್‌ಗ್ಲಾಸಿನ ಧೂಳು ಬೇರೆ ಜಾತಿಯದು, ಅದರಿಂದ ಸಿಲಿಕೋಸಿಸ್ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಗ್ರೈಂಡರ್ ಹಿಡಿದು ಅಂಚು ಉಜ್ಜುವವನ ಚರ್ಮಕ್ಕೆ, ಕಣ್ಣಿಗೆ, ಗಂಟಲಿಗೆ ಅದು ಏನು ಮಾಡುತ್ತದೆ, ಮುಚ್ಚಿದ ಶೆಡ್ಡಿನಲ್ಲಿ ಸ್ಟೈರೀನ್ ವಾಸನೆ ತಲೆಗೆ ಹೇಗೆ ಏರುತ್ತದೆ ಅಂತ ನನ್ನ ಮೈಗೇ ಗೊತ್ತು. ಊರು ಬಿಟ್ಟು ಬಂದ ಕೂಲಿಯವನು "ಆಗಲ್ಲ" ಅನ್ನಲಾರ. ನಾವೂ ಊರು ಬಿಟ್ಟು ಬಂದವರೇ ಅಲ್ಲವೇ? ಬಂದ ಹೊಸತರಲ್ಲಿ ನಾವು ಯಾವುದಕ್ಕೆ "ಆಗಲ್ಲ" ಅಂದಿದ್ದೆವು?

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. 2021ರ ಜುಲೈಯಲ್ಲಿ ಕೇಂದ್ರ ತಂದ ವಿಂಟೇಜ್ ವಾಹನಗಳ ನಿಯಮವೂ ಹಾಗೇ: ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಗಲ ಮಡ್‌ಗಾರ್ಡು ಕೂರಿಸಲು ಹಳೇ ಕಾರಿನ ಉಕ್ಕು ಕತ್ತರಿಸುವವರು ಇದನ್ನು ಎರಡು ಸಲ ಓದಲಿ. ಕಠವಾಡಾದ ದಸ್ತಾನ್ ಎಸ್ಟೇಟಿನಲ್ಲಿ ಪ್ರಾಣಲಾಲ್ ಭೋಗಿಲಾಲ್ ಅವರು ಕೂಡಿಸಿಟ್ಟ ಕಾರುಗಳನ್ನು ನೋಡಲು ಜನ ಬಂದದ್ದು ಅವು ಹುಟ್ಟಿದ ಹಾಗೇ ಇದ್ದವು ಅಂತ.

ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. "ಅಂಕಲ್, ನಮ್ಮ ದುಡ್ಡು, ನಮ್ಮ ಹವ್ಯಾಸ, ನಿಮಗೇನು?" ಹವ್ಯಾಸ ಬೇಡ ಅನ್ನುವುದಿಲ್ಲ. ಚೆಂದಕ್ಕಾಗಿ ಅಂತ ಒಪ್ಪಿಕೊಂಡು ಚೆಂದಕ್ಕೆ ತಕ್ಕ ಬೆಲೆ ಕೊಡಿ, ವಿಜ್ಞಾನದ ಹೆಸರು ಹೇಳಬೇಡಿ. "ಕೆಲಸ ಬೇಡ ಅಂದರೆ ಆ ಹುಡುಗರ ಹೊಟ್ಟೆ?" ಇದು ನಿಜವಾದ ಪ್ರಶ್ನೆ. ಅದಕ್ಕೆ ನನ್ನ ಉತ್ತರ: ಅವರ ಕೈಗೆ ಒಳ್ಳೆಯ ಕೆಲಸ ಕೊಡಿ. ಡಾಲ್ಫಿನ್, ಸ್ಟಾರ್ಮ್ ಥರದ ಕಾರುಗಳಿಗೆ ಕಂಪನಿಯ ಬಿಡಿಭಾಗಕ್ಕಾಗಿ ಎಲ್ಲಿ ಹೋಗುತ್ತೀರಿ? ಒಡೆದ ಬಂಪರು, ಬಿರುಕು ಬಿಟ್ಟ ಮಡ್‌ಗಾರ್ಡು ಮೂಲದ ಅಳತೆಗೇ ಮತ್ತೆ ಹುಟ್ಟಬೇಕಾದ್ದು ಇಂಥ ಶೆಡ್ಡುಗಳಲ್ಲೇ. ಹಳೇ ಕಾರು ಉಳಿಸಲು ಫೈಬರ್ ಮೇಸ್ತ್ರಿ ಬೇಕೇ ಬೇಕು. ಅದೇ ಮೇಸ್ತ್ರಿಯಿಂದ ನಾವು ಮಾಡಿಸುತ್ತಿರುವುದು ಸುಳ್ಳು ರೆಕ್ಕೆ!

ಕೊನೆಗೆ, ಶೆಡ್ಡಿಗೆ ಹೋದಾಗ ಕೇಳಬೇಕಾದ ನಾಲ್ಕು ಮಾತು, ಬರೆದಿಟ್ಟುಕೊಳ್ಳಿ.

1. ಅಚ್ಚು ಯಾವುದರಿಂದ ತೆಗೆದದ್ದು? ನಿಮ್ಮ ಕಾರಿನ ಅಳತೆಯದೋ, ನಕಲಿನ ನಕಲೋ?

2. ರೆಸಿನ್ ಯಾವುದು? ಬಿಸಿಲಿಗೆ ನಿಲ್ಲುವುದೋ? ಡ್ರಮ್ಮಿನ ಮೇಲಿನ ಚೀಟಿ ಓದಿ.

3. ಬೋಲ್ಟು ಎಲ್ಲಿ, ಹಿಂದೆ ಪಟ್ಟಿ ಏನಿದೆ? ಟೇಪು, ಸೆಲ್ಫ್ ಸ್ಕ್ರೂ ಅಂದರೆ ಎದ್ದು ಬನ್ನಿ.

4. ಕನ್ನಡಕ, ಮಾಸ್ಕ್, ಕೈಗವಸು, ತುಂಬಿದ ನೀರಿನ ತೊಟ್ಟಿ ಎಲ್ಲಿ? ಇಲ್ಲದಿದ್ದರೆ ಅದರ ದುಡ್ಡನ್ನೂ ಬಿಲ್ಲಿಗೆ ಸೇರಿಸಲು ಹೇಳಿ. ಸೇರಿಸಿದ ಮೇಲೆ ಚೌಕಾಸಿ ಮಾಡಬೇಡಿ.

ನಾಲ್ಕನೆಯದನ್ನು ಮೊದಲು ಕೇಳಿ. ನಾನು 2009ರಲ್ಲಿ ಕೇಳಲಿಲ್ಲ.

ರಾಜ್ಯೋತ್ಸವದ ಹುಡುಗ ಮೂರು ವಾರದ ಮೇಲೆ ಫೋನು ಮಾಡಿದ್ದ. ರೆಕ್ಕೆ ಇನ್ನೂ ಬೇಕಂತೆ. ಆದರೆ ಅದಕ್ಕಿಂತ ಮೊದಲು ಎಡಗಡೆಯ ಮಡ್‌ಗಾರ್ಡಿನಲ್ಲಿ ಒಂದು ಬಿರುಕಿದೆ, ಹೇಗೆ ಮುಚ್ಚಿಸಬೇಕು ಅಂತ ಕೇಳಿದ. ಮೇಲಿನಿಂದ ಪುಟ್ಟಿ ಮೆತ್ತಬೇಡ, ಒಳಗಿನಿಂದ ಉಜ್ಜಿ ಹೊಸ ಮ್ಯಾಟು ಹಾಕಿಸಬೇಕು, ನಾನೇ ಬರುತ್ತೇನೆ ಅಂದೆ. ಹೋಗುವಾಗ ದಾರಿಯಲ್ಲಿ ಎರಡು ಜೊತೆ ಕನ್ನಡಕ ತೆಗೆದುಕೊಂಡೆವು. ದುಡ್ಡು ಅವನೇ ಕೊಟ್ಟ. ರೆಕ್ಕೆಯ ವಿಷಯ ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥ ಆಗಿಲ್ಲ.

ನಿಮಗೇನನ್ನಿಸಿತು ಬರೆಯಿರಿ. ರೆಕ್ಕೆ ಹಾಕಿಸಿದವರು ಇದ್ದರೆ ಬೈದಾದರೂ ಬರೆಯಿರಿ. ಆದರೆ ಬೈಯುವ ಮೊದಲು ಒಮ್ಮೆ ಕೆಳಗೆ ಬಗ್ಗಿ ಎಷ್ಟು ಬೋಲ್ಟು ಇವೆ ಅಂತ ಎಣಿಸಿ ಬನ್ನಿ.